ಒಂದು ಗೇಣು ಉಸಿರು

ಇನ್ಸ್‌ಪೆಕ್ಟರ್ ನಮ್ಮ ಮನೆಗೆ ಬರುವಾಗಲೆಲ್ಲ ಕೈಯಲ್ಲೊಂದು ಪ್ಯಾಂಟು ಇರುತ್ತಿತ್ತು. ಸೊಂಟ ಸಡಿಲ ಮಾಡಿಸುವ ನೆಪದಲ್ಲಿ ಬಂದು, ಅತ್ತಿಗೆಯ ಹೊಲಿಗೆ ಯಂತ್ರದ ಪಕ್ಕ ಕುಳಿತು, ತಮಗೆ ಬಗೆಹರಿಯದ ಯಾವುದಾದರೊಂದು ವಿಷಯವನ್ನು ಮೆಲ್ಲಗೆ ಬಿಚ್ಚುತ್ತಿದ್ದರು. ಆ ಶುಕ್ರವಾರ ಮಧ್ಯಾಹ್ನ ಮಾತ್ರ ಬರಿಗೈಯಲ್ಲಿ ಬಂದರು. ಬಂದವರು ಅತ್ತಿಗೆಯ ಕಡೆ ನೋಡದೆ ನನ್ನ ಕಡೆ ನೋಡಿದರು.

"ಚೀಟಿ ಮೇಷ್ಟ್ರು ಹೋಗಿಬಿಟ್ರು," ಎಂದರು. "ಬೆಳಿಗ್ಗೆ ಗಾಜಿನ ಕೋಣೇಲಿ ಸಿಕ್ಕಿದ್ರು. ಬಾಗಿಲು ಹಾಕಿತ್ತು, ಗ್ಯಾಸ್ ಹೀಟರ್ ಉರೀತಾ ಇತ್ತು. ವಿಷಗಾಳಿ ಕಟ್ಕೊಂಡಿದೆ ಅಂತಾರೆ ಡಾಕ್ಟ್ರು. ಗಾಳಿ ಓಡಾಡೋಕೆ ಕೂದಲೆಳೆಯಷ್ಟು ಜಾಗಾನೂ ಇರ್ಲಿಲ್ಲ. ಆ ಗೋಡೆ ಸಂದು ತುಂಬಿದ್ದು ನೀನೇ ಅಲ್ವಾ?"

ನಾನೇ ತುಂಬಿದ್ದು. ಅದೇ ನನ್ನ ಕಸುಬು. ಕಿಟಕಿಯ ಚೌಕಟ್ಟಿಗೂ ಗೋಡೆಗೂ ನಡುವೆ, ಹಳೆಯ ಮನೆಗೂ ಆಮೇಲೆ ಕಟ್ಟಿದ ಕೋಣೆಗೂ ನಡುವೆ ಎಲ್ಲಿ ಸಂದು ಬಿದ್ದರೂ ಜನ ನನ್ನನ್ನು ಕರೆಯುತ್ತಾರೆ. ಹಾಗಾಗಿ ನನಗೆ ಸಂದಿ ಎಂದೇ ಹೆಸರು ಬಿದ್ದು, ಹೆತ್ತವರು ಇಟ್ಟ ಹೆಸರು ಗುರುತಿನ ಚೀಟಿಯಲ್ಲಿ ಮಾತ್ರ ಉಳಿದಿದೆ. ನಾನಿರುವುದು ಅಣ್ಣನ ಮನೆಯಲ್ಲಿ. ಅಣ್ಣ ರೈಲಿನ ಗಾರ್ಡ್, ವಾರಕ್ಕೆ ಐದು ದಿನ ಹಳಿಯ ಮೇಲೆ. ಮನೆಯ ಮುಂದಿನ ಕೋಣೆಯಲ್ಲಿ ಅತ್ತಿಗೆಯ ಟೈಲರಿಂಗ್. ಯಾರನ್ನು ನೋಡಿದರೂ ಅವರ ಕಣ್ಣು ಮೊದಲು ಹೋಗುವುದು ಹೊಲಿಗೆಯ ಕಡೆಗೆ. ಔಷಧಿ ಅಂಗಡಿಯವರ ಗೋಡೆ ಗಡಿಯಾರ ಕದ್ದವನನ್ನು ಕೋಟಿನ ಹರಿದ ಒಳಬಟ್ಟೆ ನೋಡಿ ಹಿಡಿದ ಮೇಲೆ ಇನ್ಸ್‌ಪೆಕ್ಟರಿಗೆ ಅವರ ಮೇಲೆ ತುಂಬ ನಂಬಿಕೆ, ನನಗೆ ಸ್ವಲ್ಪ ಭಯ.

ಮೇಷ್ಟ್ರು ನಿವೃತ್ತರಾಗಿ ಹದಿನಾಲ್ಕು ವರ್ಷವಾಗಿತ್ತು. ಶಾಲೆಯಲ್ಲಿ ವ್ಯಾಕರಣ ಹೇಳಿಕೊಟ್ಟವರು. ಬಾಯಲ್ಲಿ ಹೇಳಬಹುದಾದದ್ದನ್ನೂ ಚೀಟಿಯಲ್ಲಿ ಬರೆದು ಕೊಡುವುದು ಅವರ ಚಾಳಿ. ಹಾಲು ಉಕ್ಕುತ್ತಿದ್ದರೂ ಅವರು ಚೀಟಿ ಬರೆಯುತ್ತಾರೆ ಎಂದು ಅವರ ತಂಗಿಯೇ ಗೊಣಗುತ್ತಿದ್ದರು. ತಂಗಿ, ಮಗಳು, ಅಳಿಯ ಎಲ್ಲರೂ ಅದೇ ಮನೆಯಲ್ಲಿದ್ದರು. ಮನೆಯ ಹಿಂಬದಿಗೆ ಅಂಟಿಕೊಂಡ ಗಾಜಿನ ಕೋಣೆಯೆಂದರೆ ಅವರಿಗೆ ಪ್ರಾಣ. ಚಳಿ ಬಿದ್ದಮೇಲೆ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು, ಹೀಟರ್ ಹಚ್ಚಿ, ಜರಿಗಿಡಗಳ ನಡುವೆ ಬೆತ್ತದ ಕುರ್ಚಿಯಲ್ಲಿ ಕೂರುತ್ತಿದ್ದರು.

ಆ ಕೋಣೆಯ ಕಷ್ಟ ಅದರ ಕಾಲಲ್ಲಿತ್ತು. ಮನೆಯ ಪಾಯ ಆಳುದ್ದ, ಗಾಜಿನ ಕೋಣೆಯ ಪಾಯ ಮೊಣಕಾಲುದ್ದ. ಮಣ್ಣು ಒಣಗಿದಾಗ ಕೋಣೆ ಕೊಂಚ ಹೊರಕ್ಕೆ ವಾಲುತ್ತದೆ, ನೆನೆದಾಗ ಮರಳಿ ಬರುತ್ತದೆ, ಮನೆ ಮಾತ್ರ ಕದಲುವುದಿಲ್ಲ. ನಡುವಿನ ಸಂದು ಮೇಲೆ ಹೋದಂತೆ ಅಗಲವಾಗಿ, ಬಲಮೂಲೆಯಲ್ಲಿ ಎರಡು ಬೆರಳು ಹಿಡಿಸುವಷ್ಟಾಗಿತ್ತು. ಹದಿನೆಂಟು ದಿನದ ಹಿಂದೆ ನಾನು ಹೋಗಿ ಹಳೆಯದನ್ನು ಕೆರೆದು, ಫೋಮಿನ ಹಗ್ಗ ಒತ್ತಿ, ಅದರ ಮೇಲೆ ಸಿಲಿಕಾನ್ ಎಳೆದು, ಒದ್ದೆ ಹೆಬ್ಬೆರಳಿನಿಂದ ಸವರಿದ್ದೆ.

ಬೆಂಕಿ ಉರಿಯುವ ಕೋಣೆಯಾದರೆ ನಾನು ಮೇಲಿನ ಮೂಲೆಯಲ್ಲಿ ಒಂದು ಗೇಣು ತುಂಬದೆ ಉಳಿಸುತ್ತೇನೆ. ಅಲ್ಲಿ ತಗಡಿನ ಮರೆ ಇದ್ದುದರಿಂದ ಮಳೆಯ ಚಿಂತೆಯೂ ಇರಲಿಲ್ಲ. ನಮ್ಮ ಕಸುಬಿನಲ್ಲಿ ಅದನ್ನು ಉಸಿರು ಎನ್ನುತ್ತೇವೆ. ಉಸಿರು ಬಿಡುವುದು ಎಂದರೆ ಅಷ್ಟು ಜಾಗ ತೆರೆದಿಡುವುದು. ಕೆಲಸದ ನಡುವೆ ಮೇಷ್ಟ್ರಿಗೆ ಇದನ್ನು ಹೇಳಿದಾಗ ಅವರು ಮಗುವಿನ ಹಾಗೆ ಖುಷಿಪಟ್ಟು ಆ ಮಾತನ್ನು ಚೀಟಿಯಲ್ಲಿ ಬರೆದುಕೊಂಡರು. ಆಮೇಲೆ ನನ್ನ ಹೆಸರನ್ನು ಹಿಡಿದುಕೊಂಡು, "ನೀನು ಯಾವ ಸಂಧಿಯಪ್ಪ? ಲೋಪವೋ, ಆಗಮವೋ, ಆದೇಶವೋ?" ಎಂದು ಕೇಳಿದರು. ನಡುವೆ ಒಂದು ಹೊಸದಾಗಿ ಬಂದು ಸೇರುವುದು ಆಗಮ ಎಂದು ಶಾಲೆಯಲ್ಲಿ ಕಲಿತದ್ದು ನೆನಪಿತ್ತು. "ಆಗಮ ಸರ್," ಎಂದೆ. ಪೂರ್ತಿ ಅಂಕ ಕೊಟ್ಟೆ ಎಂದರು.

ಇಷ್ಟೆಲ್ಲ ನೆನಪಿದ್ದೂ ಒಂದು ಮಾತ್ರ ನೆನಪಿರಲಿಲ್ಲ. ಉಸಿರಿನ ಮಾತು ಆಡಿದ್ದು ಕೆಲಸ ಮುಗಿಯುವ ಮೊದಲು. ಆಮೇಲೆ ಮಳೆ ಹನಿಯತೊಡಗಿತು. ಇನ್ನೊಂದು ಮನೆಯವರು ಎರಡು ಸಲ ಫೋನ್ ಮಾಡಿದರು. ನಾನು ಅವಸರದಲ್ಲಿ ಮತ್ತೆ ಏಣಿ ಹತ್ತಿದೆ. ಕೆಳಗೆ ಮೇಷ್ಟ್ರ ಅಳಿಯ ನಿಂತು ಏನೋ ಕೇಳಿದರು, ನಾನೇನೋ ಹೇಳಿ ಸಾಗಹಾಕಿದೆ, ಆಮೇಲೂ ಕೈ ಓಡುತ್ತಲೇ ಇತ್ತು. ಅರ್ಧ ಉಳಿದ ಟ್ಯೂಬಿನ ಮೂತಿಗೆ ಮುಚ್ಚಳ ಬಿಗಿದು, ಮುಂದೆ ಬೇಕಾದೀತೆಂದು ಅವರ ಮನೆಯಲ್ಲೇ ಇಟ್ಟು ಓಡಿದೆ. ಆ ಒಂದು ಗೇಣನ್ನು ಬಿಟ್ಟೆನೇ, ಅಥವಾ ಕೈ ಹರಿದ ವೇಗದಲ್ಲಿ ಅದನ್ನೂ ತುಂಬಿಬಿಟ್ಟೆನೇ?

"ಬಿಟ್ಟಿದ್ದೆ ಅಂತ ಆಣೆ ಮಾಡಿ ಹೇಳ್ತೀಯಾ?" ಎಂದು ಇನ್ಸ್‌ಪೆಕ್ಟರ್ ಕೇಳಿದರು.

ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಮರೆತವನಲ್ಲ ಎಂದು ಮನಸ್ಸು ಹೇಳುತ್ತಿತ್ತು, ಆ ದಿನ ಮರೆತಿರಬಹುದು ಎಂದೂ ಅದೇ ಮನಸ್ಸು ಹೇಳುತ್ತಿತ್ತು. ನಾಳೆ ಸಂಜೆ ಐದಕ್ಕೆ ಠಾಣೆಗೆ ಬಂದು ಹೇಳಿಕೆ ಬರೆದುಕೊಡಬೇಕು, ನಿರ್ಲಕ್ಷ್ಯದಿಂದಾದ ಸಾವೆಂದು ಕೇಸು ದಾಖಲಾಗುತ್ತದೆ ಎಂದು ಇನ್ಸ್‌ಪೆಕ್ಟರ್ ತಿಳಿಸಿದರು. ಅವರ ದನಿಯಲ್ಲಿ ಕಠಿಣತೆ ಇರಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ತಂದಿತು. ಅವರು ಹೋದಮೇಲೆ ನಾನು ಅತ್ತಿಗೆಯ ಎದುರು ತಲೆ ತಗ್ಗಿಸಿ ಕುಳಿತು, ಬಹುಶಃ ನಾನೇ ಕೊಂದೆ ಎಂದೆ.

ಅತ್ತಿಗೆ ಹಲ್ಲಿನಿಂದ ದಾರ ಕಡಿದು ಸೂಜಿಯನ್ನು ದಿಂಡಿಗೆ ಚುಚ್ಚಿದರು. "ನೀನು ಬಿಟ್ಟೆಯೋ ಇಲ್ವೋ ಅಂತ ನಿನ್ನ ಕೇಳಿ ಪ್ರಯೋಜನ ಇಲ್ಲ. ಗೋಡೇನ ಕೇಳೋಣ," ಎಂದರು.

ಶನಿವಾರ ಬೆಳಿಗ್ಗೆ ಇನ್ಸ್‌ಪೆಕ್ಟರ್ ಜೊತೆ ನಾವು ಮೇಷ್ಟ್ರ ಮನೆಗೆ ಹೋದೆವು. ಬಾಗಿಲು ತೆಗೆದವರು ಮೇಷ್ಟ್ರ ತಂಗಿ. ನನ್ನ ಮುಖ ಕಂಡೊಡನೆ ಸೆರಗನ್ನು ಬಾಯಿಗೆ ಒತ್ತಿ ಒಳಗೆ ಹೋದರು. ಮಗಳು ಸೋಫಾದ ತುದಿಯಲ್ಲಿ ಕುಳಿತಿದ್ದಳು, ಆ ಮನೆಗೆ ಅವಳೇ ಅತಿಥಿಯೇನೋ ಎಂಬಂತೆ. ಅಳಿಯ ಊಟದ ಮೇಜಿನ ಮೇಲೆ ಆಸ್ಪತ್ರೆಯ ಕಾಗದಗಳನ್ನು ಒಂದೊಂದಾಗಿ ತಿರುವಿ ಜೋಡಿಸುತ್ತಿದ್ದರು. ಅವರು ಒಂದು ಕಚೇರಿಯ ದಾಖಲೆ ಕೋಣೆಯವರು. ಕಾಗದ ತಿರುವಲು ಹೆಬ್ಬೆರಳಿಗೆ ಹಾಕುವ ಅಲ್ಲಿಯ ರಬ್ಬರ್ ಟೊಪ್ಪಿಗೆಯನ್ನು ಹಾಕಿಕೊಂಡೇ ಇದ್ದರು. ಕಾಗದ ಹರಿದು ಎಸೆಯುವುದಕ್ಕೆ ತನ್ನ ಗಂಡನಿಗೆ ಕೈಯೇ ಬರುವುದಿಲ್ಲ, ಹತ್ತು ವರ್ಷದ ಹಳೆಯ ಬಸ್ ಟಿಕೆಟ್ಟೂ ಮನೆಯಲ್ಲಿದೆ ಎಂದು ಮಗಳು ಯಾವುದೋ ಮಾತಿಗೆ ಹೇಳಿದಳು. ಅದು ತಮಾಷೆಯ ಮಾತು, ಆದರೆ ಯಾರೂ ನಗಲಿಲ್ಲ.

ಮೊದಲು ಅತ್ತಿಗೆ ನರ್ಸಮ್ಮನನ್ನು ಮಾತಾಡಿಸಿದರು. ಮೇಷ್ಟ್ರ ಸಕ್ಕರೆ ಕಾಯಿಲೆಯ ಇಂಜೆಕ್ಷನ್ನಿಗಾಗಿ ಆಕೆ ದಿನವೂ ಬೆಳಿಗ್ಗೆ ಎಂಟಕ್ಕೆ ಬರುತ್ತಿದ್ದರು. ಮೇಷ್ಟ್ರು ಸೋಮವಾರ ಕಣ್ಣಿನ ಆಪರೇಷನ್ನಿಗೆಂದು ಆಸ್ಪತ್ರೆ ಸೇರಿ, ಗುರುವಾರ ಸಂಜೆ ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದಿದ್ದರು. ಇನ್ನೊಂದು ಕಣ್ಣು ಮೊದಲೇ ಮಂಜು. ಶುಕ್ರವಾರ ಆಕೆ ಬಂದಾಗ ಗಾಜಿನ ಕೋಣೆಯ ಬಾಗಿಲು ಹಾಕಿತ್ತು, ಒಳಗೆ ಕುರ್ಚಿಯಲ್ಲಿ ಮೇಷ್ಟ್ರು ತಲೆ ವಾಲಿಸಿ ಕುಳಿತಿದ್ದರು.

"ಸೋಮವಾರ ಆಸ್ಪತ್ರೆಗೆ ಹೊರಡೋ ಮುಂಚೆ ನನಗೆ ಆ ದಾರ ತೋರಿಸಿದ್ರಮ್ಮ," ಎಂದರು ನರ್ಸಮ್ಮ. "ಮೇಲಿನ ಮೂಲೆ ಸಂದಿಗೆ ಒಂದು ಬಿಳೀ ದಾರ ಇಳಿಬಿಟ್ಟಿದ್ರು. ಅದು ಅಲ್ಲಾಡ್ತಿತ್ತು. ಉಸಿರಾಡ್ತಿದೆ ನೋಡಿ ಅಂದ್ರು."

ದಾರ ಅಲ್ಲಾಡುತ್ತಿದ್ದರೆ ಅಲ್ಲಿ ಗಾಳಿ ಇತ್ತು, ಗಾಳಿ ಇದ್ದರೆ ಸಂದು ತೆರೆದಿತ್ತು. ನಾನು ಉಸಿರು ಬಿಟ್ಟಿದ್ದೆ. ಹಗುರಾಗಿ ಉಸಿರೆಳೆದುಕೊಂಡೆ. ಮರುಕ್ಷಣವೇ, ಮೇಷ್ಟ್ರು ಸತ್ತ ಕೋಣೆಯ ಬಾಗಿಲಲ್ಲಿ ನಿಂತು ಹಾಗೆ ಉಸಿರೆಳೆದುಕೊಂಡದ್ದಕ್ಕೆ ನಾಚಿಕೆಯಾಯಿತು.

ಅತ್ತಿಗೆ ಏಣಿ ಹತ್ತಿದರು. ನಾನು ಕೆಳಗೆ ಹಿಡಿದುಕೊಂಡೆ. ಮೇಲಿನ ಮೂಲೆಯಲ್ಲಿ ಒಂದು ಗೇಣಿನಷ್ಟು ಭಾಗದ ಸಿಲಿಕಾನ್ ಉಳಿದದ್ದಕ್ಕಿಂತ ಉಬ್ಬಿಕೊಂಡಿತ್ತು. ನಾನು ಸವರಿದ್ದು ನಯವಾಗಿ, ಹೆಬ್ಬೆರಳಗಲ ತಗ್ಗಾಗಿ ಇಳಿದುಬಂದಿತ್ತು. ಈ ಗೇಣಿನ ಮೇಲೆ ಮಾತ್ರ ಸಾಲುಸಾಲು ಚುಕ್ಕೆಗಳು. ಅತ್ತಿಗೆ ಬಲು ಹೊತ್ತು ಆ ಚುಕ್ಕೆಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಸೊಂಟದ ಚೀಲದಿಂದ ಸಣ್ಣ ಕತ್ತರಿ ತೆಗೆದು ಒಂದು ಕಡೆ ಸೀಳಿದರು. ಹುಳಿ ವಾಸನೆ ಕೆಳಗೆ ನನ್ನ ಮೂಗಿಗೂ ಬಡಿಯಿತು. ಸಿಲಿಕಾನ್ ಒಳಗೆ ಇನ್ನೂ ಬೆಣ್ಣೆಯ ಹಾಗೆ ಮೆತ್ತಗಿತ್ತು. ಅದರ ಹಿಂದಿನಿಂದ ಅವರು ಎಳೆದದ್ದು ಫೋಮಿನ ಹಗ್ಗವನ್ನಲ್ಲ, ಮೇಜು ಒರೆಸುವ ಹಳೆಯ ಬಟ್ಟೆಯನ್ನು. ಅದಕ್ಕೆ ಅಂಟಿಕೊಂಡು ಒಂದು ಬಿಳಿ ದಾರವೂ ಬಂತು.

"ನಲವತ್ತರ ನಂಬರಿನ ಹೊಲಿಗೆ ದಾರ," ಎಂದು ಅತ್ತಿಗೆ ಅದನ್ನು ಇನ್ಸ್‌ಪೆಕ್ಟರ್ ಅಂಗೈಯಲ್ಲಿಟ್ಟರು.

ಕೆಳಗಿಳಿದವರು ಮಂಡಿಯೂರಿ ಕಿಟಕಿಯ ಅಡಿಯನ್ನು ನೋಡತೊಡಗಿದರು. ಅಲ್ಲೂ ಗೋಡೆಗೆ ತಾಗಿ ಒಂದು ಹೊಸ ಎಳೆ ಸಿಲಿಕಾನ್ ಇತ್ತು. ಅದನ್ನು ನಾನು ಹಾಕಿರಲಿಲ್ಲ. ಅದರ ಮೇಲೂ ಅವೇ ಚುಕ್ಕೆಗಳಿದ್ದವು. ದಾರಿ ತಪ್ಪಿದ ನಾಲ್ಕಾರು ಇರುವೆಗಳು ಅದರ ಮುಂದೆ ಅತ್ತಿಂದಿತ್ತ ಓಡಾಡುತ್ತಿದ್ದವು.

ಇನ್ಸ್‌ಪೆಕ್ಟರ್ ಆ ಚುಕ್ಕೆಗಳನ್ನು ಕಂಡು ನನ್ನ ಕಿವಿಯಲ್ಲಿ, ಇದು ಹೊಲಿಯುವವರು ಬೆರಳಿಗೆ ಹಾಕುವ ಅಂಗುಸ್ತಾನದ ಗುರುತು, ಮೇಷ್ಟ್ರ ತಂಗಿ ಕಸೂತಿ ಹಾಕುತ್ತಾರಲ್ಲ ಎಂದರು. ನನಗೂ ಹಾಗೇ ಅನ್ನಿಸಿತ್ತು. ಆ ತಂಗಿಗೆ ಗಾಜಿನ ಕೋಣೆ ಕಂಡರಾಗದು ಎಂಬುದು ಬೀದಿಗೆಲ್ಲ ಗೊತ್ತು. ಅಣ್ಣ ಗಿಡಗಳ ಜೊತೆ ಆಡುವಷ್ಟು ಮಾತು ತನ್ನ ಜೊತೆ ಆಡುವುದಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಅತ್ತಿಗೆ ಅವರ ಅಂಗುಸ್ತಾನವನ್ನು ಕೇಳಿ ಪಡೆದು, ತಿರುಗಿಸಿ ನೋಡಿ, ಮರಳಿ ಕೊಟ್ಟರು.

ಕೊನೆಗೆ ನಾವು ಅಡುಗೆಮನೆಗೆ ಹೋದೆವು. ಅಲ್ಲಿ ಗೋಡೆಯ ಮೊಳೆಗೆ ಮೇಷ್ಟ್ರ ಚೀಟಿಗಳನ್ನೆಲ್ಲ ಚುಚ್ಚಿಟ್ಟಿದ್ದರು. ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಮೇಷ್ಟ್ರು ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಚೀಟಿ ಬರೆದಿಟ್ಟು ಹೋಗಿದ್ದರಂತೆ. ಪ್ರತಿಯೊಂದರ ಮೂಲೆಯಲ್ಲೂ ಅಂಕೆ. ಒಂದನೆಯದು ತಂಗಿಗೆ, ಮೆಣಸಿನಕಾಯಿ ಬಿಸಿಲಿಗೆ ಹಾಕುವ ಬಗ್ಗೆ. ಎರಡನೆಯದು ಮಗಳಿಗೆ, ಕನ್ನಡಕದ ಬಗ್ಗೆ. ನಾಲ್ಕನೆಯದು ನರ್ಸಮ್ಮನಿಗೆ. ಅತ್ತಿಗೆ ಅವನ್ನು ಓದಿ, ಬೆರಳಲ್ಲಿ ಎಣಿಸಿ, ಇದ್ದಂತೆಯೇ ಮೊಳೆಗೆ ಚುಚ್ಚಿದರು. ಮಧ್ಯಾಹ್ನ ಮೂರಕ್ಕೆ ಎಲ್ಲರೂ ಗಾಜಿನ ಕೋಣೆಯಲ್ಲಿ ಸೇರಬೇಕೆಂದು ಇನ್ಸ್‌ಪೆಕ್ಟರ್ ಕಡೆಯಿಂದ ಹೇಳಿಸಿದರು.

ಮೂರಕ್ಕೆ ಬಿಸಿಲು ಗಾಜಿನ ಮೂಲಕ ಓರೆಯಾಗಿ ಬಿದ್ದಿತ್ತು. ಬಾಗಿಲು ಪೂರ್ತಿ ತೆರೆದಿತ್ತು, ಹೀಟರನ್ನು ಪೊಲೀಸರು ಒಯ್ದಿದ್ದರು. ಬೆತ್ತದ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಮಗಳು ಒಂದು ಸ್ಟೂಲಿನ ಮೇಲೆ, ತಂಗಿ ಹೊಸ್ತಿಲ ಮೇಲೆ, ಅಳಿಯ ಮತ್ತು ನರ್ಸಮ್ಮ ಗೋಡೆಗೆ ಆತು ನಿಂತರು. ಅತ್ತಿಗೆ ಮೂಲೆಯ ಸಂದಿನ ಕೆಳಗೆ ನಿಂತು ಮಾತು ಶುರುಮಾಡಿದರು.

"ಎರಡು ಬೇರೆ ಬೇರೆ ಬಟ್ಟೆ ಸೇರಿಸಿ ಹೊಲಿಯುವಾಗ ನಾವು ಸ್ವಲ್ಪ ಸಡಿಲ ಕೊಡ್ತೀವಿ. ಒಂದು ನೀರಿಗೆ ಕುಗ್ಗುತ್ತೆ, ಇನ್ನೊಂದು ಕುಗ್ಗಲ್ಲ. ಈ ಕೋಣೆ, ಈ ಮನೆ ಹಾಗೇನೇ. ನನ್ನ ಮೈದುನ ಅದಕ್ಕೆ ಸರಿಯಾಗಿ ಸಡಿಲ ಕೊಟ್ಟಿದ್ದ. ಮೇಲೆ ಒಂದು ಗೇಣು ತೆರೆದಿಟ್ಟೂ ಇದ್ದ. ಸೋಮವಾರ ಬೆಳಿಗ್ಗೆ ದಾರ ಅಲ್ಲಾಡಿದ್ದನ್ನ ನರ್ಸಮ್ಮ ನೋಡಿದಾರೆ. ಹಾಗಾಗಿ ಅದನ್ನ ಮುಚ್ಚಿದ್ದು ಸೋಮವಾರದಿಂದ ಗುರುವಾರದೊಳಗೆ, ಮೇಷ್ಟ್ರು ಮನೇಲಿಲ್ಲದಾಗ. ಸಿಲಿಕಾನ್ ಮೇಲೆ ಬೇಗ ಒಣಗುತ್ತೆ, ಒಳಗೆ ಒಣಗೋಕೆ ದಿನಗಟ್ಟಲೆ ಬೇಕು. ಹದಿನೆಂಟು ದಿನದ್ದು ಕಲ್ಲಾಗಿದೆ, ಇದು ಇನ್ನೂ ಹಸಿ. ಇನ್ನೊಂದು, ಸಂದಿ ಹಳೇ ಬಟ್ಟೆ ತುರುಕೋನಲ್ಲ. ಬಟ್ಟೆ ನೀರು ಹೀರುತ್ತೆ ಅಂತ ಅವನಿಗೆ ಗೊತ್ತು. ಮುಚ್ಚಿದವರು ಕಸುಬಿನವರಲ್ಲ, ಮನೆಯವರು."

ಮೇಷ್ಟ್ರ ತಂಗಿ ಎದ್ದುನಿಂತರು. ಬೇಕೆಂದೇ ಯಾರೋ ಹೀಗೆ ಮಾಡಿದರೇ ಎಂದು ಕೇಳಿದರು.

"ಬೇಕೂಂತ ಕೊಲ್ಲೋರು ಇರುವೆ ದಾರಿ ಮುಚ್ಚೋಕೆ ಮಂಡಿಯೂರಲ್ಲ," ಎಂದರು ಅತ್ತಿಗೆ. "ಮೂಲೆ ಮುಚ್ಚಿದ ಕೈಯೇ ಕಿಟಕಿ ಕೆಳಗೂ ಮುಚ್ಚಿದೆ. ಅದು ಯಾರೋ ಹೇಳಿದ ಕೆಲಸ ಮಾಡಿದ ಕೈ. ಇನ್ನು ಈ ಚುಕ್ಕೆ. ಅಂಗುಸ್ತಾನದ ಗುರುತು ಅಂತ ಎಲ್ಲರಿಗೂ ಅನ್ನಿಸ್ತು. ನಾನು ದಿನಾ ಅಂಗುಸ್ತಾನ ಹಾಕೋಳು. ಅದರ ಮೇಲೆ ಇರೋದು ಸಣ್ಣ ಕುಳಿ. ಅದನ್ನ ಒತ್ತಿದರೆ ಸಿಲಿಕಾನ್ ಮೇಲೆ ಗುಳ್ಳೆ ಏಳಬೇಕಿತ್ತು. ಇಲ್ಲಿ ಕುಳಿ ಬಿದ್ದಿವೆ. ಅಂದರೆ ಒತ್ತಿದ್ದರ ಮೈಮೇಲೆ ಗುಳ್ಳೆ ಇದ್ದವು. ಬೆರಳಿಗೆ ಅಂಟಬಾರದು ಅಂತ ಅಭ್ಯಾಸದ ಮೇಲೆ ಹಾಕ್ಕೊಂಡಿದ್ದು ಅದು."

ಎಲ್ಲರ ಕಣ್ಣೂ ಅಳಿಯನ ಹೆಬ್ಬೆರಳಿನ ಮೇಲೆ ಬಿತ್ತು. ರಬ್ಬರ್ ಟೊಪ್ಪಿಗೆ ಈಗಲೂ ಅಲ್ಲೇ ಇತ್ತು, ಮೈತುಂಬ ಸಣ್ಣ ಗುಳ್ಳೆಗಳೊಂದಿಗೆ. ಅದನ್ನು ಹಾಕಿಕೊಂಡಿದ್ದೇ ಅವರಿಗೆ ಮರೆತುಹೋಗಿತ್ತು. ಅವರು ಅದನ್ನು ಮೆಲ್ಲಗೆ ಕಳಚಿ ಮುಷ್ಟಿಯಲ್ಲಿ ಹಿಡಿದುಕೊಂಡರು.

"ಮೇಷ್ಟ್ರು ಎಲ್ಲರಿಗೂ ಚೀಟಿ ಬರೆದಿಟ್ಟು ಹೋಗಿದ್ರು," ಎಂದು ಅತ್ತಿಗೆ ಮುಂದುವರಿಸಿದರು, ಈಗ ದನಿ ಇಳಿಸಿ. "ಮೊಳೇಲಿ ಒಂದಿದೆ, ಎರಡಿದೆ, ನಾಲ್ಕಿದೆ. ಮೂರಿಲ್ಲ. ನೀವು ಕಾಗದ ಹರಿಯೋರಲ್ಲ ಅಂತ ನಿಮ್ಮ ಹೆಂಡತಿ ಹೇಳಿದರು. ಅದು ನಿಮ್ಮ ಹತ್ರಾನೇ ಇದೆ."

ಅಳಿಯ ಜೇಬಿನಿಂದ ನಾಲ್ಕು ಮಡಿಕೆಯ ಚೀಟಿ ತೆಗೆದರು. ಓದಲು ಹೋದವರು ಅದನ್ನು ಮುಂದಕ್ಕೆ ಚಾಚಿದರು. ಇನ್ಸ್‌ಪೆಕ್ಟರ್ ಅದನ್ನು ತೆಗೆದುಕೊಂಡು ಗಟ್ಟಿಯಾಗಿ ಓದಿದರು:

"ಅಳಿಯಂದಿರೇ, ಕಿಟಕಿಯ ಕೆಳಗೆ ಸಂದು ಬಿಟ್ಟಿದೆ, ಇರುವೆ ಬರುತ್ತಿವೆ. ಸಂದಿ ಇಟ್ಟುಹೋದ ಟ್ಯೂಬಿನಲ್ಲಿ ಉಳಿದಿದೆ, ತುಂಬಿಬಿಡಿ. ಮೂಲೆಯ ಉಸಿರು ಬಿಡಬೇಡಿ."

ಇನ್ಸ್‌ಪೆಕ್ಟರ್ ಎರಡನೆಯ ಸಲ ಕೊನೆಯ ಸಾಲನ್ನು ಮಾತ್ರ ಓದಿದರು. ಮಾವನವರೇ ಮುಚ್ಚಲು ಹೇಳಿದ್ದಾರಲ್ಲ ಎಂದರು.

"ಒಂದು ಮೂಲೇನೂ ಬಿಡಬೇಡ ಅಂದರೆ ಅದನ್ನೂ ಮುಗಿಸು ಅಂತ," ಎಂದರು ಅತ್ತಿಗೆ. "ಕೈ ಬಿಡಬೇಡ ಅಂದರೆ? ಹಿಡ್ಕೋ ಅಂತ. ಆಸೆ ಬಿಡಬೇಡ ಅಂದರೆ ಉಳಿಸ್ಕೋ ಅಂತ. ಸಂದಿ ಹೇಳಿಕೊಟ್ಟ ಮಾತು ಮೇಷ್ಟ್ರಿಗೆ ಬಹಳ ಇಷ್ಟ ಆಗಿತ್ತು, ಅದರ ಮೇಲೆ ಒಂದು ಆಟ ಆಡಿದ್ದಾರೆ. ಮೂಲೆಯ ಉಸಿರನ್ನ ಕಳ್ಕೋಬೇಡಿ, ಉಳಿಸಿ ಅಂತ ಅವರು ಬರೆದದ್ದು. ಮೂಲೆಯನ್ನೂ ಬಿಡದೆ ತುಂಬಿ ಅಂತ ಇವರು ಓದಿದ್ದು. ದಾರ ಕಟ್ಟಿ ನೋಡ್ತಾ ಕೂತ ಮನುಷ್ಯ ಅದನ್ನ ಮುಚ್ಚಿ ಅನ್ನಲ್ಲ. ಗುರುವಾರ ಮನೆಗೆ ಬಂದಾಗ ಕಣ್ಣಿಗೆ ಪಟ್ಟಿ. ದಾರ ಇಲ್ಲ ಅಂತ ಅವರಿಗೆ ಕಾಣಲಿಲ್ಲ."

ಅಳಿಯ ಗೋಡೆಗೆ ಒರಗಿ ನೆಲದ ಮೇಲೆ ಕುಳಿತರು. ಬುಧವಾರ ಸಂಜೆ ಕಚೇರಿಯಿಂದ ಬಂದು ಮಾಡಿದ ಕೆಲಸ ಅದು ಎಂದರು. ಮೂಲೆಯ ಆ ಸಂದನ್ನು ಮಾವ ಉಸಿರು ಎನ್ನುತ್ತಿದ್ದುದು ಗೊತ್ತಿತ್ತು, ಅದು ಯಾಕೆ ಬೇಕೆಂದು ಗೊತ್ತಿರಲಿಲ್ಲ. ಮಾವ ಬಂದಾಗ ಖುಷಿಪಡಲಿ ಎಂದು ದಾರದ ಕಸವನ್ನೂ ಒಳಗೆ ತುರುಕಿ ಚೊಕ್ಕಟವಾಗಿ ಮುಚ್ಚಿದ್ದರು. ಶುಕ್ರವಾರ ಬೆಳಿಗ್ಗೆ ಮಾವನನ್ನು ಎತ್ತಿ ಹೊರಗೆ ತಂದಮೇಲೆ ಚೀಟಿಯನ್ನು ಮತ್ತೊಮ್ಮೆ ಓದಿದರು. ಆಗ ಅದರ ಇನ್ನೊಂದು ಅರ್ಥ ಕಣ್ಣಿಗೆ ಬಿತ್ತು.

"ಹೇಳಬೇಕು ಅಂತಲೇ ಬಂದೆ," ಎಂದರು. "ಅಷ್ಟರಲ್ಲಿ ಇನ್ಸ್‌ಪೆಕ್ಟರ್ ಸಂದು ತುಂಬಿದ್ದು ಯಾರು ಅಂತ ಕೇಳಿದರು. ಇವಳ ಸೋದರತ್ತೆ ಸಂದಿ ಅಂದರು. ನಾನು ಸುಮ್ಮನಾದೆ. ಒಂದು ಗಂಟೆ ಸುಮ್ಮನಿದ್ದಮೇಲೆ ಹೇಳೋಕೆ ಬಾಯೇ ಬರಲಿಲ್ಲ."

"ಮುಚ್ಚಿದ್ದು ನಿಮ್ಮ ತಪ್ಪಲ್ಲ," ಎಂದರು ಅತ್ತಿಗೆ. "ಆಮೇಲೆ ಉಸಿರೇ ಬಿಡಲಿಲ್ಲವಲ್ಲ, ಅದು ತಪ್ಪು. ಇವತ್ತು ಐದಕ್ಕೆ ಇನ್ನೊಬ್ಬ ಠಾಣೆಗೆ ಹೋಗಿ, ತಾನು ಮಾಡದೇ ಇದ್ದದ್ದನ್ನ ಮಾಡಿದೆ ಅಂತ ಬರೆದುಕೊಡೋಕೆ ತಯಾರಾಗಿ ಕೂತಿದ್ದ."

ಮಗಳು ಎದ್ದು ಚೀಟಿಯನ್ನು ಇನ್ಸ್‌ಪೆಕ್ಟರ್ ಕೈಯಿಂದ ತೆಗೆದುಕೊಂಡಳು. ಅವಳು ಗಂಡನನ್ನು ಬೈಯಲಿಲ್ಲ, ಅಳಲೂ ಇಲ್ಲ. "ಊರಿಗೆಲ್ಲ ಬಿಡಿಸಿ ಬಿಡಿಸಿ ಹೇಳ್ತಿದ್ರು ಅಪ್ಪ," ಎಂದಳು. "ಇದೊಂದನ್ನ ಬಿಡಿಸಿ ಹೇಳಲಿಲ್ಲ." ಆಮೇಲೆ ಗಂಡನ ಪಕ್ಕದಲ್ಲೇ ನೆಲದ ಮೇಲೆ ಕುಳಿತಳು, ಅವರಿಬ್ಬರ ನಡುವೆ ಒಂದು ಕುಂಡದಷ್ಟು ಜಾಗ ಬಿಟ್ಟು.

ಆ ಗೇಣುದ್ದ ತೆರೆದಿದ್ದರೆ ಮೇಷ್ಟ್ರು ಉಳಿಯುತ್ತಿದ್ದರೇ ಎಂದು ತಂಗಿ ಕೇಳಿದರು. ಹೀಟರಿನ ಬರ್ನರಿನಲ್ಲೂ ಮಸಿ ಕಟ್ಟಿತ್ತಂತೆ, ಅದನ್ನು ವರ್ಷದಿಂದ ಯಾರೂ ಶುಚಿ ಮಾಡಿರಲಿಲ್ಲವಂತೆ. ಉಳಿಯುತ್ತಿದ್ದರೋ ಇಲ್ಲವೋ ಯಾರಿಗೂ ಹೇಳಲಾಗದು ಎಂದರು ಇನ್ಸ್‌ಪೆಕ್ಟರ್. ಹೇಳಿಕೆ ಬರೆದುಕೊಡಬೇಕಾದವರು ಇನ್ನು ಅಳಿಯ ಎಂದು ತಿಳಿಸಿ, ನನ್ನ ಕಡೆ ತಿರುಗಿ, ನೀನು ಮನೆಗೆ ಹೋಗಪ್ಪ ಎಂದರು.

ನಾನು ಬಾಗಿಲ ತನಕ ಹೋಗಿದ್ದೆ. ಹಿಂದಿನಿಂದ ಅಳಿಯನ ಸ್ವರ ಕೇಳಿತು. ಅದರಲ್ಲಿ ದೂರು ಇರಲಿಲ್ಲ. ತಮಗೆ ತಾವೇ ನೆನಪು ಮಾಡಿಕೊಂಡಂತಿತ್ತು.

"ನಾನು ಅವತ್ತೇ ಇವರನ್ನ ಕೇಳಿದ್ದೆ."

ಅತ್ತಿಗೆ ಥಟ್ಟನೆ ನನ್ನ ಕಡೆ ತಿರುಗಿದರು. ಇಷ್ಟು ಹೊತ್ತು ಪ್ರತಿಯೊಬ್ಬರ ಮುಖ ಓದಿದ ಆ ಕಣ್ಣುಗಳು ಈಗ ನನ್ನನ್ನು ಓದತೊಡಗಿದವು. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ.

"ಏನು ಕೇಳಿದ್ರು? ನೀನೇನು ಹೇಳಿದೆ?" ಎಂದರು.

ಏನೋ ಹೇಳಿ ಸಾಗಹಾಕಿದೆ ಎಂದು ಮೇಲೆ ಬರೆದಿದ್ದೇನೆ. ಆ ಏನೋ ಏನೆಂಬುದು ನನಗೆ ಮರೆತೇ ಇರಲಿಲ್ಲ. ಗೇಣು ಬಿಟ್ಟೆನೋ ಇಲ್ಲವೋ ಎಂದು ತಲೆ ಕೆಡಿಸಿಕೊಂಡು ಕುಳಿತಾಗಲೂ ಆ ಮಾತು ನೆನಪಿನಲ್ಲಿ ಅದರ ಪಕ್ಕದಲ್ಲೇ ಇತ್ತು, ನಾನು ಅದರ ಕಡೆ ನೋಡಲು ಹೋಗಿರಲಿಲ್ಲ.

"ಮೇಲೆ ಅಷ್ಟು ಯಾಕೆ ಹಾಗೇ ಬಿಡ್ತೀರಿ ಅಂತ ಕೇಳಿದ್ರು," ಎಂದೆ. "ನಾನು ಏಣಿ ಮೇಲಿಂದಾನೇ, ಅದೆಲ್ಲ ನಮ್ಮ ಕಸುಬಿನ ವಿಷಯ, ನಿಮಗೆ ಅರ್ಥ ಆಗಲ್ಲ ಬಿಡಿ, ಅಂದೆ."

ಅತ್ತಿಗೆ ನಿಧಾನವಾಗಿ ತಲೆಯಾಡಿಸಿದರು. ಅದು ಬೈಗುಳವೂ ಅಲ್ಲ, ಕ್ಷಮೆಯೂ ಅಲ್ಲ. ನೀನು ಯಾವ ಸಂಧಿಯಪ್ಪ ಎಂದು ಮೇಷ್ಟ್ರು ಕೇಳಿದ್ದು ನೆನಪಾಯಿತು. ಆಗಮ ಎಂದಿದ್ದೆ, ಅವರು ಪೂರ್ತಿ ಅಂಕವನ್ನೂ ಕೊಟ್ಟಿದ್ದರು. ಇನ್ನೊಂದು ಸಲ ಕೇಳಿದ್ದರೆ ಲೋಪ ಸರ್, ಲೋಪವೇ ಎನ್ನುತ್ತಿದ್ದೆ.

ಮೂರು ವಾರದ ಮೇಲೆ ಮಗಳು ಹೇಳಿಕಳಿಸಿದಳು. ಗಿಡಗಳನ್ನು ಉಳಿಸಿಕೊಳ್ಳಬೇಕು, ಮೂಲೆಯನ್ನು ಮತ್ತೆ ತೆರೆಯಬೇಕು ಎಂದು. ಹೋದೆ. ಏಣಿಯನ್ನು ಹಿಡಿದುಕೊಳ್ಳಲು ಬಂದವರು ಅಳಿಯ. ಅವರ ಹೇಳಿಕೆ ದಾಖಲಾಗಿತ್ತು, ಇನ್ನೂ ಒಂದೆರಡು ಸಲ ಕಚೇರಿಗಳಿಗೆ ಅಲೆಯುವುದಿತ್ತು, ಮುಖ ಇಳಿದುಹೋಗಿತ್ತು. ನಾವು ಒಬ್ಬರನ್ನೊಬ್ಬರು ನೇರವಾಗಿ ನೋಡಲಿಲ್ಲ. ನಾನು ಮೇಲೆ ಹತ್ತಿ ಉಳಿದ ಸಿಲಿಕಾನನ್ನು ಚಾಕುವಿನಿಂದ ಕೊಯ್ದು, ಅಂಚು ಕೆರೆದು, ಗೇಣಿಟ್ಟು ಅಳೆದೆ. ತಣ್ಣನೆಯ ಗಾಳಿ ಬೆರಳ ತುದಿಗೆ ತಾಗಿತು. ಅತ್ತಿಗೆ ಕೊಟ್ಟು ಕಳಿಸಿದ್ದ ಬಿಳಿ ದಾರವನ್ನು ಅಲ್ಲಿ ಇಳಿಬಿಟ್ಟೆ.

ಅದು ಅಲ್ಲಾಡತೊಡಗಿದಾಗ ಕೆಳಗಿನಿಂದ ಅಳಿಯ ಮೆಲ್ಲಗೆ ಕೇಳಿದರು, "ಅಷ್ಟು ಯಾಕೆ ಹಾಗೇ ಬಿಡ್ತೀರಿ?"

ನಾನು ಏಣಿ ಇಳಿದು ಅವರ ಎದುರು ನಿಂತೆ. ಪಾಯದಿಂದ ಶುರುಮಾಡಿ, ಮಣ್ಣು, ಗೋಡೆ, ಬೆಂಕಿ, ಗಾಳಿ, ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ತಲೆಯಾಡಿಸುತ್ತ ಕೇಳಿಸಿಕೊಂಡರು. ಎಲ್ಲ ಹೇಳಿ ಮುಗಿಸಲು ನನಗೆ ಎರಡು ನಿಮಿಷವೂ ಹಿಡಿಯಲಿಲ್ಲ.